ಉಪ್ಪಿನ ಸಾಹೇಬರಿಗೆ ಸಿಹಿ ನೀರು

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಯಾರಾದರೂ ಗೋಣಿಯಲ್ಲಿ ಸುತ್ತಿದ ಬರ್ಫದ ಗಡ್ಡೆ ಇಟ್ಟುಕೊಂಡು ಕೂತರೆ ಜನ ಸುಮ್ಮನೆ ಎದ್ದು ಜಾಗ ಬಿಡುತ್ತಾರೆ. ನಮ್ಮ ಕಡೆ ಬರ್ಫ ಹಳ್ಳಿಗಳಿಗೆ ಪ್ರಯಾಣ ಮಾಡುವುದು ಎರಡೇ ಕಾರಣಕ್ಕೆ: ಮದುವೆಯ ಶರಬತ್ತಿಗೆ, ಇಲ್ಲವೇ ಹೆಣಕ್ಕೆ. ಮದುವೆಯದಾದರೆ ತಂದವನ ಮುಖದಲ್ಲಿ ಒಂದು ಕಳೆ ಇರುತ್ತದೆ. ನಾನು ಬರೆಯಹೊರಟಿರುವವರ ಮುಖದಲ್ಲಿ ಅಂಥ ಕಳೆಯನ್ನು ಯಾವ ಕಾಲದಲ್ಲೂ ಯಾರೂ ಕಂಡವರಿಲ್ಲ. ಆದ್ದರಿಂದ ಜನ ನೇರವಾಗಿ ಎರಡನೆಯ ಕಾರಣಕ್ಕೇ ಬರುತ್ತಿದ್ದರು.

ಒಮ್ಮೆ ಸಿರುಗುಪ್ಪದ ಕಡೆಯ ಕರೂರಿನ ಮುದುಕಿಯೊಬ್ಬಳು ಅವರ ಬೆನ್ನು ಸವರಿ, "ಯಾರಪ್ಪಾ ಹೋದವ್ರು? ಹಡದಾಕೇನು?" ಎಂದು ಕೇಳಿದಳು.

"ಇನ್ನೂ ಯಾರೂ ಹೋಗಿಲ್ಲ ಯವ್ವಾ. ಭತ್ತದ ಎಲಿ ಅರಿಯಾಕ ಬೇಕಾಗೈತಿ," ಎಂದರು ಇವರು, ಅಷ್ಟೇ ಗಂಭೀರವಾಗಿ.

ಮುದುಕಿ ಪಕ್ಕದವಳ ಕಡೆ ತಿರುಗಿ, "ಪಾಪ, ದುಃಖಕ್ಕ ತಲಿ ಕೆಟ್ಟೈತಿ," ಎಂದಳು.

ಸಿರುಗುಪ್ಪದ ಹತ್ತಿರದ ಒಂದು ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವರು ಸಸ್ಯಶಾಸ್ತ್ರದ ವಿಜ್ಞಾನಿ, ನಾನು ಅದೇ ಕಚೇರಿಯ ಸೂಪರಿಂಟೆಂಡೆಂಟ್. ಇಬ್ಬರ ಮನೆಯೂ ಬಳ್ಳಾರಿಯ ಪಾರ್ವತಿನಗರದಲ್ಲಿ. ಬಸ್ಸೂ ಒಂದೇ, ಸೀಟೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಆ ಬರ್ಫದ ನೀರು ಸೋರಿ ನನ್ನ ಚಪ್ಪಲಿ ತೊಯ್ದ ದಿನಗಳಿಗೆ ಲೆಕ್ಕವಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗಲೂ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಬಸ್ಸಿನವರಿಗೆ ಅವರು ಬರ್ಫದ ಸಾಹೇಬರು. ಹೊಲದಲ್ಲಿ ದುಡಿಯುವವರಿಗೆ ಉಪ್ಪಿನ ಸಾಹೇಬರು. ಎರಡೂ ಅವರ ದುಡಿಮೆಯಿಂದ ಬಂದ ಬಿರುದುಗಳು. ಸರ್ಕಾರ ಕೊಟ್ಟ ಹುದ್ದೆಯ ಹೆಸರು ಇವುಗಳಿಗಿಂತ ಉದ್ದವಾಗಿತ್ತು, ಆದರೆ ಇಷ್ಟು ಖಚಿತವಾಗಿರಲಿಲ್ಲ.

ಬರ್ಫ ಯಾಕೆಂದರೆ, ಎಲೆಯೊಳಗೆ ಅವರು ಹುಡುಕುತ್ತಿದ್ದ ವಸ್ತು ಬಹಳ ಸೂಕ್ಷ್ಮ. ಎಲೆ ಅರೆದ ಮರುಗಳಿಗೆಯಲ್ಲೇ ನಮ್ಮ ಸೆಕೆಗೆ ಅದು ಕೆಟ್ಟುಹೋಗುತ್ತದೆ. ಬಳ್ಳಾರಿ ಸೀಮೆಯ ಬಿಸಿಲಿಗೆ ಮನುಷ್ಯರೇ ಕೆಡುತ್ತಾರೆ, ಇನ್ನು ಎಲೆಯ ರಸದ ಪಾಡೇನು? ಅದಕ್ಕೆ ಬರ್ಫದ ಚೂರುಗಳ ನಡುವೆ ಪಿಂಗಾಣಿಯ ಕುಟ್ಟಾಣಿ ಹೂಳಿ, ಅದರಲ್ಲಿ ಎಲೆ ಅರೆಯಬೇಕು. ಕೇಂದ್ರದಲ್ಲಿ ಬರ್ಫ ಮಾಡುವ ಯಂತ್ರವೊಂದಿತ್ತು. ಕರೆಂಟು ಇದ್ದಾಗ ಯಂತ್ರ ಕೆಟ್ಟಿರುತ್ತಿತ್ತು. ಯಂತ್ರ ಸರಿಯಿದ್ದಾಗ ಕರೆಂಟು ಇರುತ್ತಿರಲಿಲ್ಲ. ಇವೆರಡೂ ಒಂದಕ್ಕೊಂದು ಮುಖ ತೋರಿಸಬಾರದೆಂದು ಆಣೆ ಮಾಡಿಕೊಂಡಿದ್ದವೆಂದು ಕಾಣುತ್ತದೆ. ಆದ್ದರಿಂದ ಬಳ್ಳಾರಿಯ ಗಾಂಧಿನಗರದ ಬರ್ಫದ ಅಂಗಡಿಯೇ ಗತಿ.

ಉಪ್ಪಿನ ಕತೆ ಬೇರೆ. ಹರಳುಪ್ಪಿನ ಚೀಲಗಳು ಅವರ ಹೆಸರಿನಲ್ಲಿ ಕಚೇರಿಗೆ ಬರುತ್ತಿದ್ದವು. ಒಂದು ವರ್ಷ ಆಡಿಟ್ಟಿಗೆ ಬಂದವರು ನನ್ನ ಕಡತ ತಿರುವಿ, ಕನ್ನಡಕ ಕೆಳಗಿಳಿಸಿ, "ಉಪ್ಪು, ಬರ್ಫ. ಇಲ್ಲಿ ಮೀನಿನ ವ್ಯಾಪಾರ ಏನಾದ್ರೂ ನಡೀತದೇನ್ರಿ?" ಎಂದರು.

ನಾನು ಇವರನ್ನು ಕರೆಸಿದೆ. ಇವರು ಎರಡು ಗಾಜಿನ ನಳಿಕೆಗಳಲ್ಲಿ ಎರಡು ಬಗೆಯ ಭತ್ತದ ಎಲೆಯ ರಸ ತಂದು ಮೇಜಿನ ಮೇಲಿಟ್ಟರು. ಔಷಧದ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುವ, ಹಚ್ಚಿದರೆ ನೊರೆ ಬರುವ ನೀರೌಷಧ ಇದೆಯಲ್ಲ, ಅದನ್ನು ಎರಡಕ್ಕೂ ಹನಿಸಿದರು. ಒಂದು ನಳಿಕೆಯಲ್ಲಿ ನೊರೆ ಉಕ್ಕಿ ಕಡತದ ಮೇಲೆ ಚೆಲ್ಲಿತು. ಇನ್ನೊಂದರಲ್ಲಿ ಎರಡು ಗುಳ್ಳೆ ಎದ್ದು ಸುಮ್ಮನಾದವು.

"ನೊರಿ ಬಂದಿದ್ದು ಉಪ್ಪಿನ ನೆಲದಾಗ ಬದುಕ್ತೈತ್ರಿ. ವಿಷಾನ ಒಡದು ಹಾಕೂ ಶಕ್ತಿ ಅದರಾಗ ಐತಿ. ಎರಡನೇದು ನಮ್ಮ ನಿಮ್ಮಂಗ," ಎಂದರು.

"ಅಂದ್ರೆ?"

"ಕುರ್ಚಿ ಮ್ಯಾಲೆ ಕುಂತಾಗ ಮಾತ್ರ ಹಸರ."

ಆಡಿಟ್ಟಿನವರು ಆ ವರ್ಷ ಉಪ್ಪಿನ ವಿಷಯ ಮತ್ತೆ ಎತ್ತಲಿಲ್ಲ. ಎತ್ತಿದರೆ ಇನ್ನೊಂದು ನಳಿಕೆ ಬಂದೀತೆಂಬ ಭಯವಿರಬೇಕು.

ಕುರುಗೋಡು ಅವರ ಹುಟ್ಟೂರು. ಅಣ್ಣಂದಿರು ಅಲ್ಲಿ ಮೆಣಸಿನಕಾಯಿ ಬೆಳೆಯುತ್ತಾರೆ. ಅಲ್ಲೊಮ್ಮೆ ಮೆಣಸಿನಕಾಯಿ ಬೆಳೆಗಾರರ ಸಭೆಗೆ ಇವರನ್ನು ಕರೆದಾಗ ನಾನೂ ಜೊತೆಗೆ ಹೋಗಿದ್ದೆ. ಗಿಡ ಬಿಸಿಲು, ಬರ, ಉಪ್ಪು ಇವನ್ನೆಲ್ಲ ಹೇಗೆ ತಾಳಿಕೊಳ್ಳುತ್ತದೆಂಬುದನ್ನು ನಾನು ಅರ್ಥ ಮಾಡಿಕೊಂಡದ್ದು ಅವತ್ತು. ಅಲ್ಲಿಯವರೆಗೆ ಬಿಲ್ಲು ಪಾಸು ಮಾಡುತ್ತಿದ್ದೆ, ಅಷ್ಟೇ.

"ಎಲಿ ಅಂದ್ರ ಒಂದು ಅಡಿಗಿಮನಿ ಅಂತ ತಿಳೀರಿ," ಎಂದು ಶುರುಮಾಡಿದರು. "ಬಿಸಿಲು ಅದರ ಒಲಿ. ಬೇರಿನಿಂದ ನೀರು ಬರ್ತೈತಿ, ಎಲಿ ಬಾಯಿಂದ ಗಾಳಿ ಬರ್ತೈತಿ, ಅಡಿಗಿ ಆಗ್ತೈತಿ. ಈಗ ನೆಲದಾಗ ಉಪ್ಪು ಹೆಚ್ಚಾತು, ಇಲ್ಲಾ ನೀರು ಕಡಿಮ್ಯಾತು ಅನ್ರಿ. ಇದ್ದ ನೀರು ಆರಿಹೋಗಬಾರದು ಅಂತ ಎಲಿ ಬಾಯಿ ಮುಚಗೊಂತೈತಿ. ಗಾಳಿ ಬಂದ್ ಆತು. ಬೇಯಿಸಾಕ ಏನೂ ಇಲ್ಲ. ಆದ್ರ ಒಲಿ? ಒಲಿ ಸೂರ್ಯಂದು. ಅದನ್ನ ಆರಿಸಾಕ ಬರೂದಿಲ್ಲ. ಒಲಿ ಧಗಧಗ ಉರಿತೈತಿ, ಮ್ಯಾಲೆ ಗಡಿಗಿ ಇಲ್ಲ. ಕಿಡಿ ಹಾರ್ತಾವ. ನಾವು ಉಸಿರಾಡೂ ಆಮ್ಲಜನಕ ಐತಲ್ಲ, ಅದಕ್ಕಾ ಹುಚ್ಚು ಹಿಡಿತೈತಿ. ಮನೀನ ಒಳಗಿನಿಂದ ಸುಡ್ತೈತಿ. ನೀವು ಬದುವಿನ ಮ್ಯಾಲೆ ನಿಂತು, ಎಲಿ ತುದಿ ಯಾಕೋ ಕೆಂಪಾತು ಅಂತೀರಿ."

"ಮತ್ತ ಅದನ್ನ ಆರಿಸೂರು ಯಾರ್ರೀ?" ಎಂದು ಒಬ್ಬ ರೈತ ಕೇಳಿದ.

"ಒಳಗ ಒಬ್ಬಾಕಿ ಇರ್ತಾಳ. ಹಸಿ ಗೋಣಿ ಹಿಡಕೊಂಡು, ಹಾರಿದ ಕಿಡಿ ಬಡಕೊಂತ ನಿಂತಿರ್ತಾಳ. ಒಂದು ಗಿಡದಾಗ ಆಕಿ ಗಟ್ಟಿ, ಒಂದರಾಗ ಮೈಗಳ್ಳಿ. ಅಷ್ಟಾ ಫರಕು. ಇಂಗ್ಲಿಷಿನಾಗ ಆಕಿಗೆ ಆಂಟಿಆಕ್ಸಿಡೆಂಟ್ ಅಂತಾರ. ನಿಂಬಿಹಣ್ಣಿನಾಗಿನ ಹುಳಿ ಸತ್ವಾನೂ ಆಕಿ ಬಳಗಾನ. ಕನ್ನಡದ ಪುಸ್ತಕದಾಗ ಉತ್ಕರ್ಷಣ ನಿರೋಧಕ ಅಂತ ಬರದಾರ. ಕೇಳಿದ್ರ ಪೊಲೀಸರ ಕಾಯ್ದಿ ಇದ್ದಂಗ ಐತಿ. ನಾ ಹಸಿ ಗೋಣಿಯಾಕಿ ಅಂತೀನಿ."

ಹಿಂದಿನ ಸಾಲಿನಿಂದ ಒಬ್ಬ, "ನಮ್ಮ ಮನಿಯಾಕೀನ್ನ ಕಳಸ್ಲೇನ್ರಿ ಸರ್? ಕಿಡಿ ವಿಷಯದಾಗ ಭಾಳ ಅನುಭವ ಐತಿ," ಎಂದ. ಸಭೆ ನಕ್ಕಿತು.

ಇವರು ನಗಲಿಲ್ಲ. "ಹಾರಿಸಾಕಿ ಬ್ಯಾಡ. ಬಡಿಯಾಕಿ ಬೇಕು," ಎಂದು ಮುಂದಿನ ಮಾತಿಗೆ ಹೋದರು.

ಅದಾದ ಮೇಲೆ ಆಂಟಿಆಕ್ಸಿಡೆಂಟ್ ಎಂಬ ಮಾತು ಪೇಟೆಗೂ ಬಂತು. ಗಾಂಧಿನಗರದ ಒಂದು ಗೊಬ್ಬರದಂಗಡಿಯವನು ಇವರ ಗುರುತು ಹಿಡಿಯದೆ, ಹೊಳೆಯುವ ಬಾಟಲಿಯೊಂದನ್ನು ಮುಂದಿಟ್ಟು, "ಇದರಾಗ ಆಂಟಿಆಕ್ಸಿಡೆಂಟ್ ಐತ್ರಿ. ಹೊಡದ್ರ ಎಂಥಾ ಉಪ್ಪಿನ ನೆಲಾನೂ ಸಿಹಿ ಆಗ್ತೈತಿ," ಎಂದ. ಇವರು ಬಾಟಲಿಯ ಚೀಟಿಯನ್ನು ಶಾಸನ ಓದುವಂತೆ ಮೇಲಿನಿಂದ ಕೆಳಗೆ ಓದಿದರು.

"ಗಿಡದಾಗ ಇದು ಹುಟ್ಟಿದಾಗಿನಿಂದ ಐತಿ. ನಿನ್ನ ಬಾಟ್ಲಿ ಹುಟ್ಟಿದ್ದು ಯಾವಾಗ?" ಎಂದು ಕೇಳಿದರು.

"ಮೊನ್ನೆ ಸ್ಟಾಕ್ ಬಂತ್ರಿ."

"ಹಂಗಾದ್ರ ಕೂಸು ಇನ್ನಾ. ಬೆಳೀಲಿ ಬಿಡು," ಎಂದು ಬಾಟಲಿಯನ್ನು ನಯವಾಗಿ ಹಿಂದಕ್ಕೆ ಸರಿಸಿದರು. ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಸಿಂಪಡಿಸಿದರೆ ಅಂಥವು ಕೆಲವು ಸ್ವಲ್ಪ ನೆರವಾಗುತ್ತವೆಂದು ದಾರಿಯಲ್ಲಿ ನನಗೆ ಹೇಳಿದರು. "ಸ್ವಲ್ಪ ಅನ್ನೂದನ್ನ ಬಾಟ್ಲಿ ಮ್ಯಾಲೆ ಯಾರೂ ಬರಿಯೂದಿಲ್ಲ ನೋಡ್ರಿ. ಅದಾ ತ್ರಾಸು."

ಹೊಗಳಿಕೆಯಲ್ಲಿ ಅವರಂಥ ಜಿಪುಣರನ್ನು ನಾನು ಕಂಡಿಲ್ಲ. ಬೆಳೆ ಎಷ್ಟೇ ಚೆನ್ನಾಗಿರಲಿ, ಊಟ ಎಷ್ಟೇ ರುಚಿಯಾಗಿರಲಿ, ಅವರ ಬಾಯಿಂದ ಬರುತ್ತಿದ್ದ ಮಾತು ಒಂದೇ: "ಸುಮಾರೈತಿ." ಅದರ ಮೇಲಿನ ಮೆಟ್ಟಿಲೇ ಅವರಲ್ಲಿರಲಿಲ್ಲ. ಅವರ ಹೆಂಡತಿ, ನಿವೃತ್ತ ಶಿಕ್ಷಕಿ, ಒಮ್ಮೆ ನನ್ನೆದುರಿಗೇ ಹೇಳಿದರು: "ನೋಡ್ರಿ, ಭತ್ತಕ್ಕ ಬರ್ಫ, ನನಗ ಬಿಸಿಲು. ನಾನೂ ಒಂದು ಎಲಿ ಆಗಿ ಹುಟ್ಟಬೇಕಾಗಿತ್ತು." ಇವರು ತಟ್ಟೆಯಿಂದ ತಲೆಯೆತ್ತದೆ, "ಪಲ್ಯ ಸುಮಾರೈತಿ," ಎಂದರು. ಆ ತಾಯಿ ನನ್ನ ಕಡೆ ತಿರುಗಿ, "ಇವತ್ತು ಭಾಳ ಹೊಗಳಿದ್ರು," ಎಂದರು.

ಇನ್ನೊಂದು ಅಭ್ಯಾಸವಿತ್ತು. ಭತ್ತದ ಎಲೆಯ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ ಮೆಲ್ಲಗೆ ತಿಕ್ಕುವುದು. ವೈದ್ಯರು ನಾಡಿ ನೋಡಿದಂತೆ. ಗಿಡ ಎಷ್ಟು ಉಪ್ಪು ಕುಡಿದಿದೆ, ಎಷ್ಟು ತಾಳುತ್ತಿದೆ ಎಂಬುದನ್ನು ಆ ತುದಿ ಅವರಿಗೆ ಹೇಳುತ್ತಿತ್ತು. ಒಮ್ಮೆ ಸಹಾಯಕನೊಬ್ಬ ಸೋಮಾರಿತನದಿಂದ ಉಪ್ಪುನೀರಿನ ಬದಲು ನಲ್ಲಿಯ ನೀರು ಹಾಕಿ, ಉಪ್ಪುನೀರೇ ಹಾಕಿದ್ದೇನೆಂದು ಸಾಧಿಸಿದ. ಇವರು ತುದಿ ತಿಕ್ಕಿದರು, ಒಂದು ಮಾತೂ ಬೈಯಲಿಲ್ಲ. ಆ ಹಂಗಾಮಿನ ಗಿಡಗಳನ್ನೆಲ್ಲ ಕಿತ್ತು ಗೊಬ್ಬರದ ಗುಂಡಿಗೆ ಹಾಕಿಸಿ, ಅವನನ್ನು ಬೇರೆ ವಿಭಾಗಕ್ಕೆ ಕಳಿಸಿ, ಮೊದಲಿನಿಂದ ಶುರುಮಾಡಿದರು. "ಸತ್ತ ಗಿಡ ಸುಳ್ಳು ಹೇಳೂದಿಲ್ಲ. ಸುಳ್ಳು ಹೇಳಿ ಬದುಕಿಸಿದ ಗಿಡ ಇಟ್ಟಕೊಂಡು ಏನು ಮಾಡ್ಲಿ?" ಎಂದರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ಮರೆಯಲು ನೋಡಿದ್ದೇನೆ, ಆಗಿಲ್ಲ.

ಇನ್ನು ಹುಲಿಗೆಮ್ಮ. ಕರೂರಿನವಳು, ನಮ್ಮ ಕೇಂದ್ರದಲ್ಲಿ ದಿನಗೂಲಿ. ಆಕೆಯ ಮನೆಯವರಿಗೆ ಕಾಲುವೆಯ ತುತ್ತತುದಿಯಲ್ಲಿ ಒಂದು ಗದ್ದೆಯಿದೆ. ಮೇಲಿನ ಗದ್ದೆಗಳವರು ತುಂಬಾ ನೀರು ಕುಡಿಸಿ ಬಿಟ್ಟ ಬಸಿನೀರು ಅಲ್ಲಿ ಬಂದು ನಿಲ್ಲುತ್ತದೆ, ಆರುತ್ತದೆ, ನೆಲದ ಮೇಲೆ ಬೆಳ್ಳಗೆ ಉಪ್ಪು ಬಿಟ್ಟು ಹೋಗುತ್ತದೆ. ಸವಳು ಎನ್ನುತ್ತಾರೆ ಅದಕ್ಕೆ. ವರ್ಷವರ್ಷವೂ ಸವಳು ಗದ್ದೆಯ ಒಂದೊಂದು ಬದು ದಾಟಿ ಒಳಗೆ ಬರುತ್ತಿತ್ತು. ಆ ಗದ್ದೆಯನ್ನು ಕೈಬಿಡಬೇಕೋ ಬೇಡವೋ ಎಂಬುದೇ ಆ ಮನೆಯ ಚಿಂತೆ.

ಒಂದು ದಿನ ಆಕೆ ಸೆರಗಿನಲ್ಲಿ ಒಂದು ಹಿಡಿ ತೆನೆ ಕಟ್ಟಿಕೊಂಡು ಬಂದು ಇವರ ಮುಂದೆ ಬಿಚ್ಚಿದಳು. "ಬಸಿನೀರಿನ ಮೂಲ್ಯಾಗ ಎಲ್ಲಾ ಸತ್ತಾವ್ರಿ ಸಾಹೇಬ್ರ. ಇವೊಂದಿಷ್ಟು ನಾಚಿಕಿ ಬಿಟ್ಟು ನಿಂತಾವ."

ಇವರು ಆ ತೆನೆಗಳನ್ನು ನೋಡಿದ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಮರುದಿನ ಬರ್ಫದ ಜೊತೆ ಕರೂರಿಗೇ ಹೋಗಿ ನಿಂತ ಗಿಡಗಳ ಎಲೆ ತಂದು ಅರೆದರು. ನೊರೆ ನಳಿಕೆ ಮೀರಿ ಕೈಮೇಲೆ ಹರಿಯಿತು. "ಸುಮಾರೈತಿ," ಎಂದರು. ಕೈ ಒರೆಸಿಕೊಳ್ಳುವುದನ್ನೇ ಮರೆತರು.

ಆದರೆ ಕಾಳು ಬೆರಕೆಯಿತ್ತು. ಗಟ್ಟಿಯದೂ ಇತ್ತು, ಮೈಗಳ್ಳಿಯದೂ ಇತ್ತು. ಬೇರ್ಪಡಿಸುವುದು ಹೇಗೆ? ಕುಂಡಗಳಲ್ಲಿ ಬಿತ್ತಿ ಉಪ್ಪುನೀರು ಹಾಕುವುದು. ಸಾಯುವುದು ಸಾಯಲಿ, ಉಳಿದದ್ದರ ಕಾಳು ತೆಗೆದು ಮತ್ತೆ ಬಿತ್ತುವುದು, ಮತ್ತೆ ಉಪ್ಪು. "ಉಪ್ಪು ನನಗ ಜರಡಿ ಇದ್ದಂಗ," ಎನ್ನುತ್ತಿದ್ದರು. ಹಂಗಾಮಿನ ಮೇಲೆ ಹಂಗಾಮು ಜರಡಿ ಹಿಡಿದರು. ಕುಂಡಗಳಿಗೆ ಉಪ್ಪುನೀರು ಹಾಕುವ ಕೆಲಸ ಹುಲಿಗೆಮ್ಮನದೇ. ಬೀಜ ತಯಾರಾದರೆ ಮೊದಲ ಚೀಲ ಆಕೆಯ ಗದ್ದೆಗೇ ಎಂದು ಮಾತು ಕೊಟ್ಟಿದ್ದರು. ಆದರೂ ಆಕೆಗೆ ಆ ಕೆಲಸ ಒಗ್ಗಲಿಲ್ಲ.

"ಎಳೀ ಕೂಸಿಗೆ ಉಪ್ಪುನೀರು ಕುಡಿಸಿದಂಗ ಆಗ್ತೈತ್ರಿ. ಪಾಪ ತಟ್ಟತೈತಿ," ಎನ್ನುತ್ತಿದ್ದಳು.

"ಪಾಪ ನನಗ ತಟ್ಲಿ. ನೀ ಹಾಕು."

"ನಿಮಗಾ ತಟ್ಟತೈತ್ರಿ ಮತ್ತ, ನನಗ್ಯಾಕ?" ಎಂದು ಆಕೆಯೂ ಬಿಡುತ್ತಿರಲಿಲ್ಲ. ಇಬ್ಬರೂ ನಗುತ್ತಿರಲಿಲ್ಲ, ಆದರೆ ಅದು ಅವರಿಬ್ಬರ ನಗೆಯ ಬಗೆ.

ಅವರ ನಿವೃತ್ತಿಗೆ ಮುಂಚಿನ ಬೇಸಿಗೆ ಹಂಗಾಮು ಕೊನೆಯ ಜರಡಿ. ಉಳಿದಿದ್ದ ಬೀಜವನ್ನೆಲ್ಲ ಬಿತ್ತಿಬಿಟ್ಟರು. ಒಂದು ಹಿಡಿಯಾದರೂ ಉಳಿಸಿಕೊಳ್ಳಿ ಸರ್ ಎಂದು ನಾನು, ಭತ್ತದ ಗಂಧವಿಲ್ಲದಿದ್ದರೂ ಕಚೇರಿಯ ಜಾಗ್ರತೆಯಿಂದ, ಹೇಳಿದ್ದೆ. "ಯಾರಿಗಂತ ಉಳಸ್ಲಿ? ಮುಂದಿನ ಹಂಗಾಮಿಗೆ ನಾ ಎಲ್ಲಿ ಇರ್ತೀನಿ?" ಎಂದರು. ನಿವೃತ್ತಿಯ ಅರ್ಥದಲ್ಲಿ ಹೇಳಿದ್ದು.

ತೆನೆ ಹೊರಡುವ ಹೊತ್ತೇ ಭತ್ತಕ್ಕೆ ಉಪ್ಪಿನ ನಿಜವಾದ ಪರೀಕ್ಷೆ. ಆ ಹೊತ್ತಿಗೆ ಸರಿಯಾಗಿ ಅವರಿಗೆ ಉಸಿರು ಸಿಗದಾಯಿತು. ಕೆಮ್ಮು ಮೊದಲಿನಿಂದ ಇತ್ತು. ಬಳ್ಳಾರಿಯಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಎನ್ನುವುದಿಲ್ಲ, ಧೂಳು ಎನ್ನುತ್ತಾರೆ. ಪುಪ್ಪುಸ ಗಟ್ಟಿಯಾಗುತ್ತಿದೆ, ಅರಳುವುದಿಲ್ಲ, ಮದ್ದೂ ಇಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಡ್ಮಿಟ್ ಆಗುವ ಮುನ್ನ, ಏದುಸಿರು ಬಿಡುತ್ತ, ನನ್ನ ಎದುರಿಗೇ ಹುಲಿಗೆಮ್ಮನಿಗೆ ಹೇಳಿದರು: "ಹೂ ಮುಗಿಯೂತನಕ ಉಪ್ಪು ನಿಲ್ಲಬಾರದು. ನಾ ಸತ್ರೂ ನಿಲ್ಲಬಾರದು. ತಿಳೀತಾ?" ಆಕೆ ಸೆರಗು ಬಾಯಿಗಿಟ್ಟು ತಲೆಯಾಡಿಸಿದಳು.

ಆಸ್ಪತ್ರೆಯಲ್ಲಿ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಕಟ್ಟಿದ್ದರು. ನಾನು ಹೋದಾಗ ಅದನ್ನು ಸ್ವಲ್ಪ ಸರಿಸಿ, "ನೋಡ್ರಿ ಸೂಪರಿಂಟೆಂಡೆಂಟ್ರ, ಜೀವಮಾನಪೂರ್ತಿ ಯಾವನ್ನ ಬೈದೆ, ಈಗ ಅವಂದಾ ಕಾಲು ಹಿಡದೀನಿ," ಎಂದರು. ಮತ್ತೆ ಉಸಿರೆಳೆದುಕೊಂಡು, "ಒಳಗಿನ ಹಸಿ ಗೋಣಿಯಾಕಿ ದಣದಾಳ," ಎಂದರು. ಆಮೇಲೆ ದಿನಾ ಕೇಳುತ್ತಿದ್ದುದು ಒಂದೇ: "ಎಷ್ಟು ಸತ್ತಾವ?" ಅವರ ಲೆಕ್ಕದಲ್ಲಿ ಸಾವು ಶುಭವಾರ್ತೆ. ನಾನು ಕಚೇರಿಯಿಂದ ಬೇಗ ಹೊರಟು ನೇರ ಆಸ್ಪತ್ರೆಗೆ ಬರುತ್ತಿದ್ದೆ. ಕುಂಡಗಳ ಕಡೆ ಹೋಗಿರುತ್ತಿರಲಿಲ್ಲ. "ನೋಡಿ ಹೇಳ್ತೀನಿ ಸರ್," ಎನ್ನುತ್ತಿದ್ದೆ.

ನಾನು ನೋಡುವ ಮೊದಲೇ ಹುಲಿಗೆಮ್ಮ ಬಂದಳು. ಬಸ್ಸು ಹಿಡಿದು, ಹಣೆತುಂಬ ದೇವಿಯ ಗುಡಿಯ ಅರಿಶಿನದ ಭಂಡಾರ ಹಚ್ಚಿಕೊಂಡು, ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗುಡಿಯೊಳಗೆ ಬಂದಂತೆ ಬಂದಳು. ಮೊದಲು ಇವರ ಹಣೆಗೆ ಭಂಡಾರ ಹಚ್ಚಿದಳು. ಆಮೇಲೆ ಸೆರಗಿನ ಗಂಟಿನಿಂದ ನಾಲ್ಕಾರು ಭತ್ತದ ಎಲೆ ತೆಗೆದು ಅವರ ಕೈಯಲ್ಲಿಟ್ಟಳು.

"ಬೈಬ್ಯಾಡ್ರಿ ಸಾಹೇಬ್ರ. ನಾ ಉಪ್ಪು ನಿಲ್ಲಿಸಿಬಿಟ್ಟೀನಿ. ನೀವು ಮಲಗಿದ ದಿನದಿಂದ ಸಿಹಿ ನೀರು ಹಾಕಾಕ ಹತ್ತೀನಿ. ನಿಮಗ ಅವುಗಳ ಶಾಪಾನ ತಟ್ಟಿದ್ದು. ಊರಾಗ ಎಲ್ಲಾರೂ ಅದನ್ನಾ ಅಂದ್ರು. ಅವ್ವಗ ಹರಕಿ ಹೊತ್ತೀನ್ರಿ, ಅವಕ್ಕ ಉಸಿರು ಬಂದಂಗ ನಿಮಗೂ ಬರ್ಲಿ ಅಂತ. ನೋಡ್ರಿ, ಹೆಂಗ ಹಸರಾಗ್ಯಾವ! ಒಂದೂ ಸತ್ತಿಲ್ಲ."

ಒಂದೂ ಸತ್ತಿಲ್ಲ. ಭತ್ತದ ವಿಷಯದಲ್ಲಿ ನನ್ನಂಥ ದಡ್ಡನಿಗೂ ಅದು ಏನೆಂದು ತಿಳಿಯಿತು. ಎಲ್ಲವೂ ಬದುಕಿದ್ದವು, ಆದ್ದರಿಂದ ಯಾವುದು ಬದುಕಬಲ್ಲದು ಎಂಬುದು ಇನ್ನು ಯಾರಿಗೂ ತಿಳಿಯುವಂತಿರಲಿಲ್ಲ. ಗಟ್ಟಿಯೂ ಮೈಗಳ್ಳಿಯೂ ಒಂದೇ ಹಸಿರಿನಲ್ಲಿ ನಿಂತು, ಒಟ್ಟಿಗೆ ಕಾಳು ಕಟ್ಟುತ್ತಿದ್ದವು. ಅದೂ ಹುಲಿಗೆಮ್ಮನ ಗದ್ದೆಗೆಂದು ಇಟ್ಟಿದ್ದ ಬೀಜ.

ಅವರು ಕಣ್ಣು ಮುಚ್ಚಿದರು. ಹೆಬ್ಬೆರಳು, ತೋರುಬೆರಳು ಎಲೆಯ ತುದಿ ಹುಡುಕಿದವು. ತಿಕ್ಕಿದರು. ಇನ್ನೊಂದು ಎಲೆ ತೆಗೆದುಕೊಂಡರು, ತಿಕ್ಕಿದರು. ಸಿಲಿಂಡರಿನ ನೀರಿನ ಬಾಟಲಿಯಲ್ಲಿ ಗುಳ್ಳೆಗಳು ಏಳುತ್ತಿದ್ದವು. ನಾನು ಅದನ್ನೇ ನೋಡುತ್ತ ನಿಂತೆ. ಗೊಬ್ಬರದ ಗುಂಡಿಗೆ ಹೋದ ಆ ಗಿಡಗಳು, ಬೇರೆ ವಿಭಾಗಕ್ಕೆ ಹೋದ ಆ ಸಹಾಯಕ, ಎಲ್ಲ ನೆನಪಾಯಿತು.

ಅವರು ಮುಖವಾಡ ಸರಿಸಿದರು.

"ಭಾಳ ಚಲೋ ಮಾಡೀದಿ, ಹುಲಿಗೆಮ್ಮ. ಅದಕ್ಕಾ ನೋಡು, ಮುಂಜಾನಿಂದ ಉಸಿರು ಹಗುರ ಆಗೈತಿ."

ಆಕೆ ಗೋಡೆಗೆ ಆತು ಅತ್ತಳು. ಸಂತೋಷಕ್ಕೆ. ಅವರ ಬಾಯಿಂದ "ಭಾಳ ಚಲೋ" ಎಂಬ ಮಾತು ನಾನು ಕೇಳಿದ್ದು ಅದೊಂದೇ ಸಲ. ಸುಳ್ಳು ಕೇಳಿದ್ದೂ ಅದೊಂದೇ ಸಲ.

ಆಕೆ ಹೋದ ಮೇಲೆ, "ಆಕಿಗೆ ಹೇಳಬ್ಯಾಡ್ರಿ," ಎಂದರು. "ಕಾಳು ಆಕಿಗೇ ಕೊಟ್ಟುಬಿಡ್ರಿ."

"ಕೊಟ್ಟು ಏನ್ ಉಪಯೋಗ ಸರ್? ಬೆರಕಿ ಆತಲ್ಲ."

"ಆಕಿ ಹೊಲದಾಗೂ ಉಪ್ಪು ಐತಲ್ರಿ. ನಾ ಮಾಡೂ ಕೆಲಸ ಅದಾ ಮಾಡ್ತೈತಿ." ಉಸಿರಿಗಾಗಿ ನಿಂತರು. "ನಾ ಆದ್ರ ಕುಂಡದಾಗ ಸಾಯಿಸ್ತಿದ್ದೆ. ಅದು ಆಕಿ ಕಣ್ಣಮುಂದ ಸಾಯಿಸ್ತೈತಿ. ಅಷ್ಟಾ ಫರಕು. ನಿಂತದ್ದನ್ನ ಬ್ಯಾರೆ ಕಟ್ಟಿಡು ಅಂತ ಹೇಳ್ರಿ."

ಹರಕೆ ಫಲಿಸಲಿಲ್ಲ. ಆ ವಾರ ದಾಟಲಿಲ್ಲ ಅವರು.

ಹೋದದ್ದು ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿತ್ತು. ಕುರುಗೋಡಿನಿಂದ ಅಣ್ಣಂದಿರು ಬರುವವರೆಗೆ ಇಡಬೇಕು. ಹೆಣ ತಂಪಾಗಿಡುವ ಗಾಜಿನ ಪೆಟ್ಟಿಗೆ ಯಾವುದೋ ಬೇರೆ ಮನೆಗೆ ಹೋಗಿತ್ತು. ನಾನು ಗಾಂಧಿನಗರಕ್ಕೆ ಓಡಿದೆ. ಅಂಗಡಿಯವನು ನನ್ನನ್ನು ನೋಡಿದ್ದೇ ಗೋಣಿ ತೊಯಿಸತೊಡಗಿದ. "ಸಾಹೇಬ್ರು ಭಾಳ ದಿನದಿಂದ ಕಾಣಲೇ ಇಲ್ಲ. ಸಿರುಗುಪ್ಪದ ಬಸ್ಸಿಗೇನ್ರಿ?"

"ಇಲ್ಲ. ಪಾರ್ವತಿನಗರಕ್ಕ," ಎಂದೆ.

ಅವನ ಕೈ ಹಸಿ ಗೋಣಿಯ ಮೇಲೆ ಹಾಗೇ ನಿಂತಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಬಸ್ಸಿನ ಜನ ಅಷ್ಟು ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಮಣ್ಣು ಮಾಡಿದ್ದು ಕುರುಗೋಡಿನಲ್ಲಿ, ಅಣ್ಣಂದಿರ ಮೆಣಸಿನ ಹೊಲದ ಅಂಚಿಗೆ. ಅವರ ಮನೆತನದ ಪದ್ಧತಿಯಂತೆ ಕೂರಿಸಿ, ವಿಭೂತಿ, ಪತ್ರೆ ಇಟ್ಟರು. ಆಮೇಲೆ ಒಬ್ಬರು ಹರಳುಪ್ಪಿನ ಚೀಲದ ಬಾಯಿ ಬಿಚ್ಚಿ ಗುಂಡಿಗೆ ಸುರಿಯತೊಡಗಿದರು. ಹೆಂಗಸರ ಗುಂಪಿನಲ್ಲಿದ್ದ ಹುಲಿಗೆಮ್ಮ ಮುಂದೆ ನುಗ್ಗಿದಳು.

"ಇನ್ನೂ ಉಪ್ಪು ಹಾಕ್ತೀರೇನ್ರಪ್ಪಾ ಅವ್ರಿಗೆ? ಸಾಕು ಬಿಡ್ರಿ!"

"ಪದ್ಧತಿ ಐತವ್ವ," ಎಂದು ಹಿರಿಯರೊಬ್ಬರು ಸಮಾಧಾನ ಹೇಳಿದರು. ಚೀಲ ಖಾಲಿಯಾಯಿತು. ಆಕೆ ಅಲ್ಲೇ ಇದ್ದ ಕೊಡ ತಂದು, ತಡೆದರೂ ಕೇಳದೆ, ಮುಚ್ಚಿದ ಮಣ್ಣಿನ ಮೇಲೆ ನೀರು ಹೊಯ್ದಳು.

ಕುಂಡದ ಭತ್ತವನ್ನು ನಾನು ಕಾಗದದ ಮೇಲೆ "ನಿರುಪಯುಕ್ತ" ಎಂದು ತೋರಿಸಿ ಹುಲಿಗೆಮ್ಮನಿಗೆ ಕೊಡಿಸಿದೆ. ನನ್ನ ನೌಕರಿಯಲ್ಲಿ ಅಷ್ಟು ಸರಿಯಾದ ಶಬ್ದವ‌ನ್ನು ಅಷ್ಟು ಒಲ್ಲದ ಮನಸ್ಸಿನಿಂದ ಬರೆದದ್ದಿಲ್ಲ. ಮಳೆಗಾಲದಲ್ಲಿ ಆಕೆ ಅದನ್ನು ಸವಳಿನ ಮೂಲೆಗೇ ಬಿತ್ತಿದಳು. ಸಾಹೇಬರ ಭತ್ತ ಎಂದು ಊರಿಗೆಲ್ಲ ಹೇಳಿ ಬಿತ್ತಿದಳು. ತೆನೆ ಹೊರಡುವ ಹೊತ್ತಿಗೆ ನಾನು ಕರೂರಿಗೆ ಹೋದೆ. ಹೋಗಲು ಇಷ್ಟವಿರಲಿಲ್ಲ, ಆದರೆ "ಬ್ಯಾರೆ ಕಟ್ಟಿಡು ಅಂತ ಹೇಳ್ರಿ" ಎಂಬ ಮಾತು ನನ್ನ ಹತ್ತಿರ ಬಾಕಿ ಉಳಿದಿತ್ತು.

ಗದ್ದೆ ಸುಟ್ಟಂತಿತ್ತು. ತುದಿ ಕೆಂಪಾಗಿ, ಒಣಗಿ, ತೆನೆ ಬಿಳಿಯ ಜೊಳ್ಳಾಗಿ ನಿಂತಿದ್ದವು. ಮುಟ್ಟಿದರೆ ಕಾಗದದಂತೆ ಸದ್ದು ಮಾಡುತ್ತಿದ್ದವು. ನಡುನಡುವೆ ಅಲ್ಲೊಂದು ಇಲ್ಲೊಂದು ಬುಡ ಮಾತ್ರ ಹಸಿರಾಗಿತ್ತು. ಹುಲಿಗೆಮ್ಮ ಬದುವಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ತುಂಬಿದ ಕೊಡ.

"ನನ್ನದಾ ತಪ್ಪು ಬಿಡ್ರಿ," ಎಂದಳು, ನಾನು ಕೂರುವ ಮೊದಲೇ.

ಯಾರಾದರೂ ಹೇಳಿಬಿಟ್ಟರೇ?

"ಹರಕಿ ತಡಾ ಮಾಡಿ ಹೊತ್ತೆ. ಅವ್ರು ಕೆಮ್ಮಾಕ ಹತ್ತಿದ ಮೊದಲನೇ ದಿನದಿಂದಾನಾ ಸಿಹಿ ನೀರು ಹಾಕಬೇಕಾಗಿತ್ತು. ಹಾಕಿದ್ರ ಸಾಹೇಬ್ರು ಉಳೀತಿದ್ರು. ಅವ್ರು ಇದ್ದಿದ್ರ ಈ ಭತ್ತ ಹಿಂಗ ಸಾಯ್ತಿತ್ತೇನ್ರಿ?"

"ತಡಾ ಏನೂ ಆಗಿರಲಿಲ್ಲವ್ವ. ಸಾಹೇಬ್ರಾ ಹೇಳಿದ್ರಲ್ಲ, ಭಾಳ ಚಲೋ ಮಾಡೀದಿ ಅಂತ," ಎಂದೆ. ನಂತರ ಬಾಕಿಯನ್ನು ತೀರಿಸಿದೆ: "ನಿಂತದ್ದನ್ನ ಬ್ಯಾರೆ ಕಟ್ಟಿಡಬೇಕಂತ. ಅವ್ರು ಹೇಳ್ಯಾರ."

"ಯಾವಾಗ ಹೇಳಿದ್ರು?"

"ನೀ ಹೋದ ಮ್ಯಾಲೆ."

ಆಕೆ ಎದ್ದಳು. ಕೊಡ ಸೊಂಟಕ್ಕೇರಿಸಿಕೊಂಡು, ಸತ್ತ ಭತ್ತದ ನಡುವೆ ಕಾಲಿಟ್ಟು ಹೋಗಿ, ಒಂದು ಹಸಿರು ಬುಡದ ಮುಂದೆ ಬಾಗಿ ಸಿಹಿ ನೀರು ಹೊಯ್ದಳು. ಊರ ನಲ್ಲಿಯಿಂದ ಹೊತ್ತು ತಂದದ್ದು. ಬೆಳ್ಳನೆಯ ನೆಲ ಅದನ್ನು ಸರ್ರನೆ ಹೀರಿಕೊಂಡಿತು. ಇನ್ನೊಂದು ಬುಡಕ್ಕೆ ಹೋದಳು. ಸಾಹೇಬರು ಇದ್ದಿದ್ದರೆ ಆ ಕೊಡ ಕಸಿದುಕೊಳ್ಳುತ್ತಿದ್ದರು, ಅಥವಾ ಇಲ್ಲ.

ನಾನು ಹತ್ತಿರ ಹೋಗಿ ಆ ಬುಡದ ಒಂದು ಎಲೆ ಹಿಡಿದೆ. ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ತಿಕ್ಕಿದೆ. ನನಗೆ ಅದರಿಂದ ಏನೂ ತಿಳಿಯುವುದಿಲ್ಲ. ಕಣ್ಣು ಮುಚ್ಚಿಯೂ ನೋಡಿದೆ.

ಹುಲಿಗೆಮ್ಮ ಖಾಲಿ ಕೊಡ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. "ಹೆಂಗೈತ್ರಿ?"

"ಸುಮಾರೈತಿ," ಎಂದೆ.